ನೀರು ಉಳಿಸುವ ವಾಷಿಂಗ್ ಮೆಷಿನ್: ಕೊಡಗಿನ ಹೋಂಸ್ಟೇ, ಲಾಂಡ್ರಿಯವರಿಗೆ ಎಲ್ಲಿಂದ ಎಷ್ಟು ದುಡ್ಡು ವಾಪಸ್ ಬರುತ್ತದೆ

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನಮ್ಮ ಹೋಂಸ್ಟೇಯ ಬಾವಿಯ ಮೋಟರ್ ನೀರಿನ ಬದಲು ಗಾಳಿ ಎಳೆಯತೊಡಗಿತು. ಐದು ಕೋಣೆಯವರೂ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟಿದ್ದರು. ಸಂಜೆ ಆರಕ್ಕೆ ಮುಂದಿನ ಗುಂಪು ಬರುವುದಿತ್ತು. ಬೆಡ್‌ಶೀಟ್, ದಿಂಬಿನ ಕವರ್, ಟವೆಲ್ ಎಲ್ಲಾ ಸೇರಿ ಹಿಂದಿನ ಜಗಲಿಯಲ್ಲಿ ಗುಡ್ಡೆ ಬಿದ್ದಿತ್ತು. ಮೊದಲ ಲೋಡ್‌ಗೆ ಮೆಷಿನ್ ಎರಡನೇ ಸಲ ನೀರು ತುಂಬಿಸಿಕೊಳ್ಳುವಷ್ಟರಲ್ಲಿ ಮೇಲಿನ ಟ್ಯಾಂಕ್ ಖಾಲಿ. ಅವತ್ತು ಟ್ಯಾಂಕರ್ ತರಿಸಿದೆವು. ಆಮೇಲೆ ಆ ತಿಂಗಳಲ್ಲಿ ಇನ್ನೂ ನಾಲ್ಕು ಸಲ ತರಿಸಿದೆವು.

ಹೊರಗಿನವರಿಗೆ ಇದನ್ನು ನಂಬಲು ಕಷ್ಟ. ಕಾವೇರಿ ಹುಟ್ಟುವ ಜಿಲ್ಲೆ, ಮಳೆ ಬಿಟ್ಟರೆ ಬೇರೇನೂ ಇಲ್ಲದ ಊರು, ಇಲ್ಲೆಂಥ ನೀರಿನ ಬರ ಅಂತ ಕೇಳುತ್ತಾರೆ. ಮಳೆ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಇಳಿಜಾರಿನ ಮೇಲೆ. ತೋಡು ಸೇರಿ, ಹೊಳೆ ಸೇರಿ, ಹಾರಂಗಿಗೋ ಕೃಷ್ಣರಾಜಸಾಗರಕ್ಕೋ ಹೋಗಿಬಿಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತದೆ, ಕೆರೆ ತಳ ಕಾಣುತ್ತದೆ. ಅದರ ಹಿಂದೆಯೇ ಶಾಲೆ ರಜೆ, ಪ್ರವಾಸಿಗರ ಸಾಲು. ಬಾವಿಯಲ್ಲಿ ನೀರು ಅತಿ ಕಡಿಮೆ ಇರುವ ತಿಂಗಳಲ್ಲೇ ನಮಗೆ ಒಗೆಯುವ ಬಟ್ಟೆ ಅತಿ ಜಾಸ್ತಿ.

ಆ ವರ್ಷವೇ ಮೆಷಿನ್ ಬದಲಾಯಿಸಿದೆವು. ಆದರೆ ಕ್ರಮ ತಪ್ಪಿ ಮಾಡಿದೆವು. ಮೊದಲು ಮೆಷಿನ್ ತಂದೆವು, ಆಮೇಲೆ ಬ್ಯಾಂಕಿಗೆ ಹೋದೆವು. "ತಗೊಂಡಾಗಿದೆ ಅಂದ್ಮೇಲೆ ಸಬ್ಸಿಡಿ ಸಾಲ ಹೇಗಮ್ಮಾ ಕೊಡೋದು?" ಅಂದರು. ಅವರು ಹೇಳಿದ್ದು ಸರಿಯೇ. ಬಿಲ್ ಕೂಡ ನಮ್ಮ ಯಜಮಾನರ ಸ್ವಂತ ಹೆಸರಿನಲ್ಲಿತ್ತು, ವ್ಯವಹಾರದ ಹೆಸರಿನಲ್ಲಿ ಇರಲಿಲ್ಲ. ಅರ್ಧ ದುಡ್ಡು ಕೈಯಲ್ಲಿ ನಗದು ಕೊಟ್ಟಿದ್ದೆವು. ಈ ಮೂರು ತಪ್ಪಿಗೆ ನಾವು ಕಳೆದುಕೊಂಡದ್ದು ಸಣ್ಣ ಮೊತ್ತವಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೇರೆ ದೇಶಗಳಲ್ಲಿ ಹೇಗೆ ಕೊಡುತ್ತಾರೆ

ಅಮೆರಿಕದ ಹಲವು ಊರುಗಳಲ್ಲಿ ನೀರು ಸರಬರಾಜು ಮಾಡುವ ಸಂಸ್ಥೆಗಳೇ ಲಾಂಡ್ರಿ, ಹೋಟೆಲ್, ಅಪಾರ್ಟ್‌ಮೆಂಟ್‌ಗಳಿಗೆ ರಿಬೇಟ್ ಕೊಡುತ್ತವೆ. ಒಂದು ಮೆಷಿನ್‌ಗೆ ಇಷ್ಟು ಡಾಲರ್ ಅಂತ, ಅಥವಾ ಉಳಿಯುವ ನೀರಿನ ಲೆಕ್ಕದ ಮೇಲೆ. ಇದು ದಾನವಲ್ಲ. ಹೊಸ ಅಣೆಕಟ್ಟು, ಹೊಸ ಪೈಪು ಹಾಕುವ ಖರ್ಚಿಗಿಂತ ಇರುವ ನೀರನ್ನೇ ಉಳಿಸಲು ಜನರಿಗೆ ದುಡ್ಡು ಕೊಡುವುದು ಅಗ್ಗ, ಅಷ್ಟೇ. ಅಲ್ಲಿ ಎನರ್ಜಿ ಸ್ಟಾರ್ ಪಟ್ಟಿಯಲ್ಲಿರುವ ಮೆಷಿನ್‌ಗಳಿಗೆ ವಿದ್ಯುತ್ ಜೊತೆಗೆ ನೀರಿನ ಅಂಕವೂ ಇರುತ್ತದೆ, ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಆಸ್ಟ್ರೇಲಿಯಾದಲ್ಲಿ 2005ರ ಕಾನೂನಿನ ಪ್ರಕಾರ ವಾಷಿಂಗ್ ಮೆಷಿನ್ ಮೇಲೆ ನೀರಿನ ನಕ್ಷತ್ರದ ಚೀಟಿ ಅಂಟಿಸಲೇಬೇಕು. ಸಿಂಗಾಪುರದಲ್ಲಿ 2007ರಿಂದ ವ್ಯವಹಾರಸ್ಥರಿಗೆ ನೀರು ಉಳಿತಾಯಕ್ಕೆಂದೇ ಒಂದು ನಿಧಿ ಇದೆ.

ಇಂಥ ರಿಬೇಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು ಇವು: ಮೆಷಿನ್ ಒಪ್ಪಿತ ಪಟ್ಟಿಯಲ್ಲಿರಬೇಕು, ಬಿಲ್ ವ್ಯವಹಾರದ ಹೆಸರಿನಲ್ಲಿರಬೇಕು, ಹಳೆಯದನ್ನು ತೆಗೆದದ್ದಕ್ಕೆ ಸಾಕ್ಷಿ ಬೇಕು, ದೊಡ್ಡ ಕೆಲಸವಾದರೆ ಕೊಳ್ಳುವ ಮೊದಲೇ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿಯೂ ಬಹುಪಾಲು ದುಡ್ಡು ಇದೇ ಶಿಸ್ತಿನ ಮೇಲೆ ನಿಂತಿದೆ. "ನೀರು ಉಳಿಸುವ ಮೆಷಿನ್ ಸಬ್ಸಿಡಿ" ಅಂತ ಬೋರ್ಡ್ ಹಾಕಿದ ಒಂದೇ ಕೌಂಟರ್‌ಗೆ ಕಾಯುತ್ತಾ ಕೂರಬೇಡಿ. ದುಡ್ಡು ನಾಲ್ಕಾರು ಕಡೆ ಚೆದುರಿದೆ, ಒಂದೊಂದಾಗಿ ಹೆಕ್ಕಿಕೊಳ್ಳಬೇಕು.

ಹಂತ 1: ಡ್ರಮ್ ಹಿಡಿದು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಈಗಿನ ಮೆಷಿನ್ ಎಷ್ಟು ನೀರು ಕುಡಿಯುತ್ತದೆ ಅಂತ ನೋಡಿ. ದೊಡ್ಡ ಕೆಲಸವೇನಲ್ಲ. 200 ಲೀಟರಿನ ನೀಲಿ ಡ್ರಮ್ ತೋಟದ ಮನೆಗಳಲ್ಲಿ ಒಂದಾದರೂ ಇರುತ್ತದೆ. ಮೆಷಿನ್‌ನ ಹೊರ ಪೈಪನ್ನು ಅದರೊಳಗೆ ಬಿಡಿ. ಎರಡು ಡ್ರಮ್ ಇಟ್ಟುಕೊಂಡರೆ ಒಳ್ಳೆಯದು, ತುಂಬಿ ಹರಿಯುವುದಿಲ್ಲ. ಪೈಪಿನ ಬಾಯಿ ಮೆಷಿನ್‌ನ ಪುಸ್ತಕದಲ್ಲಿ ಹೇಳಿದ ಎತ್ತರದಲ್ಲೇ ಇರಲಿ, ತೀರಾ ಕೆಳಗಿಟ್ಟರೆ ನೀರು ತಾನಾಗಿಯೇ ಸೋರಿ ಹೋಗುತ್ತದೆ.

ನಾವು ಅಳೆದ ದಿನ ಮೊದಲು ಬಂದದ್ದು ಬೂದು ಬಣ್ಣದ ನೊರೆ ನೀರು. ಎರಡನೆಯದು ಮಜ್ಜಿಗೆ ನೀರಿನ ಹಾಗೆ. ಮೂರನೆಯದು ಬಂದಾಗ ಡ್ರಮ್ಮಿನ ತಳದ ಅಚ್ಚು ಕಾಣುವಷ್ಟು ತಿಳಿ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿ ಅದರಲ್ಲಿ ಕೈ ಅದ್ದಿ ನೋಡಿ, "ಅಕ್ಕಾ, ಇದನ್ನೂ ಚರಂಡಿಗೆ ಬಿಡೋದಾ? ಜಗಲಿ ತೊಳೀಬಹುದಲ್ವಾ?" ಅಂದಳು. ಅಲ್ಲಿಂದೀಚೆಗೆ ಆ ಕೊನೆಯ ನೀರು ನಮ್ಮಲ್ಲಿ ಚರಂಡಿಗೆ ಹೋಗಿಲ್ಲ.

ಕೋಲಿನಿಂದ ಎತ್ತರ ನೋಡಿ ಲೀಟರ್ ಬರೆದುಕೊಳ್ಳಿ. ಒಣ ಬಟ್ಟೆಯನ್ನು ಮೊದಲೇ ತೂಕ ಮಾಡಿರಿ, ಕಾಫಿ ತೂಗುವ ತಕ್ಕಡಿಯೇ ಸಾಕು. ಲೀಟರನ್ನು ಕಿಲೋದಿಂದ ಭಾಗಿಸಿ. ಒಂದು ಕಿಲೋ ಬಟ್ಟೆಗೆ ಎಷ್ಟು ಲೀಟರ್ ಅನ್ನುವ ಆ ಒಂದು ಅಂಕಿಯೇ ಮುಂದಿನ ಎಲ್ಲದಕ್ಕೂ ಬುನಾದಿ. 7 ಕಿಲೋದ ಟಾಪ್ ಲೋಡ್‌ನಲ್ಲಿ ಒಂದು ಲೋಡ್‌ಗೆ ಸುಮಾರು 140 ಲೀಟರ್ ಹೋದರೆ ಕಿಲೋಗೆ 20 ಲೀಟರ್ ಆಯಿತು. 8 ಕಿಲೋದ ಫ್ರಂಟ್ ಲೋಡ್ 60 ಲೀಟರಿನಲ್ಲಿ ಮುಗಿಸಿದರೆ ಕಿಲೋಗೆ ಏಳೂವರೆ. ಇವು ಅಂದಾಜು, ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುತ್ತದೆ.

ಈಗ ಕೋಣೆ ಲೆಕ್ಕ. ಒಂದು ಡಬಲ್ ಕೋಣೆಯ ಶೀಟ್, ದಿಂಬಿನ ಕವರ್, ಎರಡು ದೊಡ್ಡ ಟವೆಲ್, ಸಣ್ಣದೊಂದೆರಡು ಸೇರಿದರೆ ಹತ್ತಿರಹತ್ತಿರ 3 ಕಿಲೋ. ಆರು ಕೋಣೆ ಒಂದೇ ದಿನ ಖಾಲಿಯಾದರೆ 18 ಕಿಲೋ. ಹಳೆಯ ಮೆಷಿನ್‌ಗೆ 360 ಲೀಟರ್, ಹೊಸದಕ್ಕೆ 135. ದಿನಕ್ಕೆ 225 ಲೀಟರ್ ಉಳಿಯಿತು. ತಿಂಗಳಲ್ಲಿ ಅಂಥ 20 ದಿನ ಬಂದರೆ 4,500 ಲೀಟರ್. ಅದನ್ನು ನಿಮ್ಮ ಟ್ಯಾಂಕರ್ ದರದಲ್ಲಿ ಗುಣಿಸಿ ನೋಡಿ.

ಬಾವಿ ನೀರು ಪುಕ್ಕಟೆ ಅಲ್ವಾ ಅನ್ನುವವರಿದ್ದಾರೆ. ಪುಕ್ಕಟೆ ಅಲ್ಲ. ಮೋಟರ್ ಕರೆಂಟ್ ಇದೆ. ಒಗೆದ ನೀರು ಇಂಗುಗುಂಡಿಗೆ ಹೋಗಬೇಕು, ಮಳೆಗಾಲದಲ್ಲಿ ಅದು ಮೊದಲೇ ತುಂಬಿರುತ್ತದೆ. ಮಡಿಕೇರಿ ಪೇಟೆಯವರಿಗೆ ಕೂಟುಹೊಳೆಯಿಂದ ನೀರು ಬರುತ್ತದೆ, ಬೇಸಿಗೆಯಲ್ಲಿ ಆ ಹೊಳೆಯೂ ಸೊರಗುತ್ತದೆ.

ಹಂತ 2: ತೆರಿಗೆ ಲೆಕ್ಕದಲ್ಲಿ ನೀವು ಯಾರು

ಈ ಭಾಗ ಬೇಸರ ಅನ್ನಿಸಬಹುದು, ಆದರೆ ದುಡ್ಡು ಇರುವುದೇ ಇಲ್ಲಿ. ನಿಧಾನವಾಗಿ ಓದಿ.

ವಾಷಿಂಗ್ ಮೆಷಿನ್ ಮೇಲೆ ಜಿಎಸ್‌ಟಿ ಶೇ. 18. 2018ರ ಜುಲೈಗೆ ಮೊದಲು ಶೇ. 28 ಇತ್ತು. ಒಂದು ಲಕ್ಷದ ಮೆಷಿನ್‌ಗೆ 18,000 ರೂಪಾಯಿ ತೆರಿಗೆ. ಇದು ವಾಪಸ್ ಸಿಗುತ್ತದಾ ಅನ್ನುವುದು ನಿಮ್ಮ ವ್ಯವಹಾರದ ಮೇಲೆ ನಿಂತಿದೆ.

ನೀವು ಜಿಎಸ್‌ಟಿ ನೋಂದಣಿ ಇರುವ ಲಾಂಡ್ರಿ ಆಗಿದ್ದು, ಗಿರಾಕಿಗಳಿಂದ ಶೇ. 18 ತೆರಿಗೆ ವಸೂಲಿ ಮಾಡುತ್ತಿದ್ದರೆ ಆ 18,000 ರೂಪಾಯಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಡಿಯಬಹುದು. ಅಂದರೆ ನೀವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಿಂದ ಅಷ್ಟು ಕಳೆಯುತ್ತದೆ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ನಿಮ್ಮ ಬಿಲ್ ತೋರಿಸಿರಬೇಕು, ಇಲ್ಲದಿದ್ದರೆ ಸಿಗುವುದಿಲ್ಲ.

ದಿನಕ್ಕೆ 7,500 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬಾಡಿಗೆಯ ಕೋಣೆಗಳಿರುವವರಿಗೆ 2025ರ ಸೆಪ್ಟೆಂಬರ್ 22ರಿಂದ ನಿಯಮ ಬದಲಾಗಿದೆ. ಮೊದಲು ಶೇ. 12 ಇತ್ತು, ಜಮೆ ಸಿಗುತ್ತಿತ್ತು. ಈಗ ಶೇ. 5, ಆದರೆ ಜಮೆ ಇಲ್ಲ. ನಮ್ಮ ಜಿಲ್ಲೆಯ ಬಹಳಷ್ಟು ಹೋಂಸ್ಟೇಗಳು ಈ ಗುಂಪಿನಲ್ಲೇ ಬರುತ್ತವೆ. ಹಳೆಯ ಲೇಖನ ಓದಿಯೋ, ಯಾರೋ ಹೇಳಿದ್ದು ಕೇಳಿಯೋ "ಜಿಎಸ್‌ಟಿ ವಾಪಸ್ ಬರುತ್ತೆ" ಅಂತ ಲೆಕ್ಕ ಹಾಕಿಕೊಂಡು ಮೆಷಿನ್ ತರಬೇಡಿ. 7,500ಕ್ಕಿಂತ ಜಾಸ್ತಿ ಬಾಡಿಗೆಯ ಕೋಣೆಗಳಿಗೆ ಶೇ. 18 ಮತ್ತು ಜಮೆ ಉಂಟು. ಎರಡೂ ಬಗೆಯ ಕೋಣೆ ಇದ್ದರೆ ಪಾಲು ಲೆಕ್ಕ ಬರುತ್ತದೆ, ಅದನ್ನು ಆಡಿಟರ್ ಹತ್ತಿರ ಕೂತು ಮಾಡಿಸಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿಯೇ ಇಲ್ಲದವರಿಗೆ ಈ ಪ್ರಶ್ನೆಯೇ ಇಲ್ಲ.

ಜಮೆ ಸಿಗದವರು ಪೂರ್ತಿ ಸೋತಂತೆ ಅಲ್ಲ. ಆದಾಯ ತೆರಿಗೆಯಲ್ಲಿ ಸವಕಳಿ ಅಂತ ಇದೆ, ಅಂದರೆ ಮೆಷಿನ್ ಸವೆಯುವ ಲೆಕ್ಕದಲ್ಲಿ ಅದರ ಬೆಲೆಯ ಒಂದು ಭಾಗವನ್ನು ವರ್ಷವರ್ಷ ಖರ್ಚಾಗಿ ತೋರಿಸುವುದು. ಯಂತ್ರಗಳಿಗೆ ವರ್ಷಕ್ಕೆ ಶೇ. 15. ಜಮೆ ಹಿಡಿಯದವರು ಜಿಎಸ್‌ಟಿ ಸೇರಿಸಿ 1,18,000 ರೂಪಾಯಿಯ ಮೇಲೆ ಸವಕಳಿ ತೋರಿಸಬಹುದು, ಮೊದಲ ವರ್ಷ 17,700. ಜಮೆ ಹಿಡಿದವರು ಒಂದು ಲಕ್ಷದ ಮೇಲೆ ಮಾತ್ರ, 15,000. ಒಂದೇ ತೆರಿಗೆಗೆ ಎರಡೂ ಕಡೆ ಲಾಭ ತಗೊಳ್ಳುವ ಹಾಗಿಲ್ಲ. ನೀವು ಶೇ. 20ರ ಹಂತದಲ್ಲಿದ್ದರೆ 17,700ಕ್ಕೆ ಉಳಿಯುವ ತೆರಿಗೆ 3,540 ರೂಪಾಯಿ. ಮುಂದಿನ ವರ್ಷಗಳಲ್ಲೂ ಉಳಿದ ಬೆಲೆಯ ಮೇಲೆ ಹೀಗೇ ಇಳಿಯುತ್ತಾ ಹೋಗುತ್ತದೆ.

ಇಲ್ಲಿ ಒಂದು ತಾರೀಕಿನ ವಿಷಯ ಇದೆ. ಆ ಆರ್ಥಿಕ ವರ್ಷದಲ್ಲಿ ಮೆಷಿನ್ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಮೊದಲ ವರ್ಷ ಸವಕಳಿ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಮೊದಲ ಎರಡು ಮೂರು ದಿನದೊಳಗೆ ಮೆಷಿನ್ ಓಡಲು ಶುರುವಾಗಿರಬೇಕು, ಕಾವೇರಿ ಸಂಕ್ರಮಣದವರೆಗೂ ಕಾದರೆ ತಡವಾಯಿತು. ದಸರಾ, ದೀಪಾವಳಿ ಆಫರ್‌ಗೆ ಕಾಯುವುದಾ, ಪೂರ್ತಿ ಸವಕಳಿ ಹಿಡಿಯುವುದಾ ಅಂತ ತೂಗಿ ನೋಡಿ. ನನ್ನ ಪ್ರಕಾರ ಆಫರ್ ನಿಜವಾಗಿಯೂ ದೊಡ್ಡದಿದ್ದರೆ ಕಾಯುವುದೇ ಲೇಸು, ಯಾಕೆಂದರೆ ಉಳಿದ ಸವಕಳಿ ಕಳೆದುಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ ಅಷ್ಟೇ.

ವಹಿವಾಟಿನ ಇಷ್ಟು ಭಾಗ ಲಾಭ ಅಂತ ಅಂದಾಜಿನ ಮೇಲೆ ತೆರಿಗೆ ಕಟ್ಟುವವರಿಗೆ ಸವಕಳಿ ಬೇರೆಯಾಗಿ ಸಿಗುವುದಿಲ್ಲ. ಅದರೊಳಗೇ ಸೇರಿದೆ ಅಂತ ಕಾನೂನು ಹೇಳುತ್ತದೆ.

ಹಂತ 3: ಉದ್ಯಮ ನೋಂದಣಿ

ಸಣ್ಣ ವ್ಯವಹಾರ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದು ಇದು, ಹತ್ತು ನಿಮಿಷದ ಕೆಲಸ. ಆಧಾರ್, ಪ್ಯಾನ್ ಇದ್ದರೆ ಸಾಕು. ಸರ್ಕಾರಿ ಜಾಲತಾಣದಲ್ಲಿ ಒಂದು ಪೈಸೆಯೂ ಕೊಡಬೇಕಾಗಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಅಂತಲೇ ತಿಳಿಯಿರಿ, ಮುಚ್ಚಿಬಿಡಿ. 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿವರೆಗಿನ ಯಂತ್ರ ಬಂಡವಾಳ, 10 ಕೋಟಿವರೆಗಿನ ವಹಿವಾಟು ಇರುವವರೆಲ್ಲ ಕಿರು ಉದ್ಯಮವೇ. ಲಾಂಡ್ರಿಯವರು ಚಟುವಟಿಕೆಯ ಸಂಖ್ಯೆ ಕೇಳಿದಾಗ 9601 ಗುಂಪನ್ನು ಆರಿಸಿ, ಬಟ್ಟೆ ಒಗೆಯುವುದು, ಡ್ರೈಕ್ಲೀನ್ ಅದರಡಿ ಬರುತ್ತದೆ. ಬ್ಯಾಂಕಿಗೆ ಹೋದಾಗ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಹಂತ 4: ಕೊಳ್ಳುವ ಮೊದಲು ಅರ್ಜಿ

ನಾವು ಎಡವಿದ್ದು ಇಲ್ಲೇ. ದೊಡ್ಡ ಮೊತ್ತದ ಸಬ್ಸಿಡಿ ಇರುವುದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ, ಎಲ್ಲರೂ ಪಿಎಂಇಜಿಪಿ ಅಂತಲೇ ಕರೆಯುತ್ತಾರೆ. ಇದು ಹೊಸದಾಗಿ ಶುರು ಮಾಡುವ ಘಟಕಕ್ಕೆ. ಈಗಾಗಲೇ ಓಡುತ್ತಿರುವ ಹೋಂಸ್ಟೇಗೆ ಮೆಷಿನ್ ಬದಲಾಯಿಸಲು ಇದು ಸಿಗುವುದಿಲ್ಲ, ಮೊದಲೇ ಕೇಳಿದ್ದರೆ ಅದು ನಮಗೂ ಆಗಲೇ ಗೊತ್ತಾಗುತ್ತಿತ್ತು. ಆದರೆ ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಯಾರಾದರೂ ಸುತ್ತಲಿನ ಹತ್ತು ಹೋಂಸ್ಟೇಗಳ ಬಟ್ಟೆ ಒಗೆದುಕೊಡುವ ಹೊಸ ಲಾಂಡ್ರಿ ಹಾಕುವುದಾದರೆ ಸಿಗುತ್ತದೆ. ನನಗಂತೂ ಇದೇ ಸರಿಯಾದ ದಾರಿ ಅನ್ನಿಸುತ್ತದೆ. ಐದು ಕೋಣೆಗೊಂದು ಮನೆಬಳಕೆ ಮೆಷಿನ್ ಅಂತ ಹತ್ತು ಕಡೆ ಇಡುವ ಬದಲು, ಒಂದು ಕಡೆ ಒಳ್ಳೆಯ ಕೈಗಾರಿಕಾ ಮೆಷಿನ್, ಒಂದು ಡ್ರೈಯರ್, ಒಗೆದ ನೀರಿಗೆ ಒಂದು ಸರಿಯಾದ ವ್ಯವಸ್ಥೆ ಇದ್ದರೆ ನೀರೂ ಉಳಿಯುತ್ತದೆ, ಒಂದಿಬ್ಬರಿಗೆ ಕೆಲಸವೂ ಆಗುತ್ತದೆ.

ಸೇವಾ ಘಟಕಕ್ಕೆ ಯೋಜನಾ ವೆಚ್ಚದ ಮಿತಿ 20 ಲಕ್ಷ. ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 25, ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ. ಪೇಟೆಯಲ್ಲಾದರೆ ಶೇ. 15 ಮತ್ತು ಶೇ. 25. ವಿಶೇಷ ವರ್ಗ ಅಂದರೆ ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹೆಂಗಸರೂ, ಮಾಜಿ ಸೈನಿಕರೂ ಅದರಲ್ಲಿದ್ದಾರೆ. ಊರೂರಲ್ಲಿ ಫೌಜಿನಿಂದ ನಿವೃತ್ತರಾಗಿ ಬಂದವರಿರುವ ನಮ್ಮ ಜಿಲ್ಲೆಗೆ ಇದು ಎಷ್ಟು ಉಪಯೋಗ ಅಂತ ಯೋಚಿಸಿ.

ಒಂದು ಉದಾಹರಣೆ. ನಾಪೋಕ್ಲು ಕಡೆಯ ಮಾಜಿ ಸೈನಿಕರೊಬ್ಬರು 6 ಲಕ್ಷದ ಲಾಂಡ್ರಿ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಸ್ವಂತ ಪಾಲು ಶೇ. 5, ಅಂದರೆ 30,000. ಬ್ಯಾಂಕ್ ಕೊಡುವುದು 5,70,000. ಸಬ್ಸಿಡಿ 2,10,000. ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದೆ ಅಂತ ಪರಿಶೀಲನೆ ಆದ ಮೇಲೆ ಸಾಲಕ್ಕೆ ಹೊಂದುತ್ತದೆ. ಸಾಮಾನ್ಯ ವರ್ಗದವರ ಸ್ವಂತ ಪಾಲು ಶೇ. 10. ಸೇವಾ ಘಟಕ 5 ಲಕ್ಷ ದಾಟಿದರೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ಒಂದು ಕುಟುಂಬಕ್ಕೆ ಒಂದೇ.

ಕೆಲಸ ಶುರುವಾಗುವುದು ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಅರ್ಜಿ ಆನ್‌ಲೈನ್. ಮೆಷಿನ್ ಮಾರುವವರಿಂದ ಕೊಟೇಶನ್, ಯೋಜನಾ ವರದಿ, ಜಾಗದ ದಾಖಲೆ ಬೇಕು. ಈ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2025-26ರ ಆರ್ಥಿಕ ವರ್ಷದವರೆಗೆ, ಆದ್ದರಿಂದ ವರದಿಗೆ ದುಡ್ಡು ಖರ್ಚು ಮಾಡುವ ಮೊದಲು ಅರ್ಜಿ ಈಗ ತೆರೆದಿದೆಯಾ ಅಂತ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ಯೋಜನಾ ವರದಿಯಲ್ಲಿ ನಿಮ್ಮ ಡ್ರಮ್ ಲೆಕ್ಕ ಹಾಕಿ. ಕಿಲೋಗೆ ಎಷ್ಟು ಲೀಟರ್, ಬೇಸಿಗೆಯಲ್ಲಿ ನೀರು ಎಲ್ಲಿಂದ, ಒಗೆದ ನೀರು ಎಲ್ಲಿಗೆ. ಬ್ಯಾಂಕಿನವರು ಏಪ್ರಿಲ್‌ನಲ್ಲಿ ಲಾಂಡ್ರಿ ಹೇಗೆ ನಡೆಸುತ್ತೀರಿ ಅಂತ ಕೇಳಿಯೇ ಕೇಳುತ್ತಾರೆ.

ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಮುಂಗಡ ಕೂಡ ಕೊಡಬೇಡಿ. ಮೆಷಿನ್ ಮಾರುವವರು "ಈ ವಾರ ಬುಕ್ ಮಾಡಿದ್ರೆ ಮಾತ್ರ ಈ ರೇಟು" ಅನ್ನುತ್ತಾರೆ. ಅನ್ನಲಿ.

ತಲೆತಲಾಂತರದಿಂದ ಬಟ್ಟೆ ಒಗೆಯುವ ಕೆಲಸದಲ್ಲಿರುವವರಿಗೆ ಬೇರೆ ದಾರಿ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಟ್ಟೆ ಒಗೆಯುವುದೂ ಒಂದು. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ವೋಚರ್, ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ಸಾಲ, ಬಡ್ಡಿ ಶೇ. 5. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಪರಿಶೀಲನೆ ಗ್ರಾಮ ಪಂಚಾಯಿತಿಯಿಂದ. ಪಿಎಂಇಜಿಪಿ ಸಾಲ ಇತ್ತೀಚೆಗೆ ಪಡೆದಿದ್ದರೆ ಇದು ಸಿಗುವುದಿಲ್ಲ, ಹಾಗಾಗಿ ಎರಡರಲ್ಲಿ ಯಾವುದು ಅಂತ ಮೊದಲೇ ತೀರ್ಮಾನಿಸಿ.

ಮುದ್ರಾ ಸಾಲದಲ್ಲಿ ಸಬ್ಸಿಡಿ ಇಲ್ಲ, ಆದರೆ ಅಡಮಾನ ಕೇಳುವುದಿಲ್ಲ. ಓಡುತ್ತಿರುವ ಹೋಂಸ್ಟೇಗೆ ಮೆಷಿನ್ ಬದಲಾಯಿಸಲು ಅದು ಆದೀತು. 50,000ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್.

ಹಂತ 5: ಮೆಷಿನ್ ಆರಿಸುವುದು

ನಮ್ಮ ದೇಶದ ಸ್ಟಾರ್ ಚೀಟಿ ಮುಖ್ಯವಾಗಿ ಕರೆಂಟಿನ ಲೆಕ್ಕ. ನಕ್ಷತ್ರ ಐದಿದೆ ಅಂದ ಮಾತ್ರಕ್ಕೆ ನೀರೂ ಕಡಿಮೆ ಅಂತ ಅಂದುಕೊಳ್ಳಬೇಡಿ. ಒಂದು ಲೋಡ್‌ಗೆ ಎಷ್ಟು ಲೀಟರ್ ಅಂತ ಪುಸ್ತಕ ತೆರೆದು ತೋರಿಸಲು ಹೇಳಿ. ಅದೂ ನೀವು ದಿನಾ ಹಾಕುವ ಕಾಟನ್ ಪ್ರೋಗ್ರಾಂಗೆ. ಅರ್ಧ ಗಂಟೆಯ ಕ್ವಿಕ್ ವಾಶ್‌ನ ಲೆಕ್ಕ ನಮಗೆ ಬೇಡ.

ಕೊಡಗಿಗೆ ನೀರಿನಷ್ಟೇ ಮುಖ್ಯವಾದದ್ದು ಹಿಂಡುವ ವೇಗ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಶೀಟ್ ಮೂರು ದಿನ ಹಗ್ಗದ ಮೇಲಿದ್ದರೂ ತಣ್ಣಗೇ ಇರುತ್ತದೆ, ಒಂದು ಥರ ಮುಗ್ಗು ವಾಸನೆ ಹಿಡಿಯುತ್ತದೆ, ಆಮೇಲೆ ಅದನ್ನು ಮತ್ತೆ ಒಗೆಯಬೇಕು. ಮತ್ತೆ ಒಗೆದರೆ ಉಳಿಸಿದ ನೀರೆಲ್ಲಾ ಹೋಯಿತು. ಟಾಪ್ ಲೋಡ್ ಸಾಮಾನ್ಯವಾಗಿ ನಿಮಿಷಕ್ಕೆ 700 ಸುತ್ತಿನ ಆಸುಪಾಸು, ಫ್ರಂಟ್ ಲೋಡ್ 1,200ರಿಂದ 1,400. ಟವೆಲ್ ಕೈಗೆ ತಗೊಂಡಾಗಲೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಮನೆಬಳಕೆ ಮೆಷಿನ್‌ನ ವಾರಂಟಿ ಸಾಮಾನ್ಯವಾಗಿ ಮನೆಬಳಕೆಗೆ ಮಾತ್ರ. ಹೋಂಸ್ಟೇ ಅಂತ ಗೊತ್ತಾದರೆ ರಿಪೇರಿಗೆ ಬಂದವರು ವಾರಂಟಿ ಇಲ್ಲ ಅನ್ನಬಹುದು. ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ, ಅಥವಾ ವ್ಯಾಪಾರ ಬಳಕೆಯದ್ದೇ ತಗೊಳ್ಳಿ. ದಿನಕ್ಕೆ ಎರಡು ಲೋಡ್‌ಗಿಂತ ಜಾಸ್ತಿ ಇರುವವರು ಎರಡನೆಯದನ್ನೇ ಮಾಡಿ ಅಂತ ನನ್ನ ಸಲಹೆ. ಸರ್ವಿಸ್‌ನವರು ಎಲ್ಲಿಂದ ಬರುತ್ತಾರೆ ಅಂತಲೂ ಕೇಳಿ. ಮೈಸೂರಿನಿಂದ ಬರುವುದಾದರೆ ಮಳೆಗಾಲದಲ್ಲಿ ರಸ್ತೆ ಕೆಟ್ಟಾಗ ಒಂದು ವಾರ ಕೈಯಲ್ಲಿ ಒಗೆಯಲು ತಯಾರಿರಬೇಕು.

ಹಂತ 6: ಬಿಲ್ಲು

ವ್ಯವಹಾರದ ಹೆಸರು, ಜಿಎಸ್‌ಟಿ ಸಂಖ್ಯೆ ಇದ್ದರೆ ಅದು, ಮಾಡೆಲ್, ಸೀರಿಯಲ್ ನಂಬರ್ ಎಲ್ಲಾ ಬಿಲ್‌ನಲ್ಲಿ ಇರಲಿ. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಆಸ್ತಿ ಕೊಳ್ಳುವಾಗ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಮೊತ್ತಕ್ಕೆ ಸವಕಳಿ ಸಿಗುವುದಿಲ್ಲ. ನಮ್ಮ ಅರ್ಧ ದುಡ್ಡಿನ ಸವಕಳಿ ಹೋದದ್ದು ಹೀಗೆ. ಹಳೆಯ ಮೆಷಿನ್ ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಅದರ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ.

ಹತ್ತಿರದ ನಾಲ್ಕೈದು ಹೋಂಸ್ಟೇಯವರು ಒಟ್ಟಿಗೆ ಹೋಗಿ. ಒಂದೇ ಮಾಡೆಲ್ ಐದು ತಗೊಳ್ಳುತ್ತೇವೆ ಅಂದರೆ ಅಂಗಡಿಯವರು ಮಾತಾಡುವ ಧಾಟಿಯೇ ಬೇರೆ. ಬೆಲೆ ಇಳಿಸದಿದ್ದರೆ ಸ್ಟೆಬಿಲೈಸರ್, ಫಿಲ್ಟರ್, ಎರಡು ವರ್ಷದ ಸರ್ವಿಸ್ ಕೇಳಿ ಪಡೆಯಿರಿ.

ಹಂತ 7: ಕೂರಿಸುವುದು

ಫ್ರಂಟ್ ಲೋಡ್‌ಗೆ ನೀರಿನ ಒತ್ತಡ ಬೇಕು. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ (ಬಾರ್ ಅಂದರೆ ಒತ್ತಡದ ಅಳತೆ). ಹಂಚಿನ ಮನೆಯ ಹಿಂದೆ ಕಟ್ಟೆ ಮೇಲಿಟ್ಟ ಟ್ಯಾಂಕ್‌ನಿಂದ ಅಷ್ಟು ಸಿಗುವುದಿಲ್ಲ. ಇಳಿಜಾರಿನ ಜಾಗವಾದರೆ ಟ್ಯಾಂಕನ್ನು ಮೇಲಿನ ಗುಡ್ಡಕ್ಕೆ ಏರಿಸಿ, ಅದಾಗದಿದ್ದರೆ ಸಣ್ಣ ಬೂಸ್ಟರ್ ಪಂಪ್. ನೀರು ಬರುವ ಪೈಪಿಗೆ ಮಣ್ಣು ತಡೆಯುವ ಫಿಲ್ಟರ್ ಕಡ್ಡಾಯ ಅಂತಲೇ ತಿಳಿಯಿರಿ. ಜುಲೈನಲ್ಲಿ ನಮ್ಮ ಬಾವಿ ನೀರಿಗೆ ಕೆಂಪು ಮಣ್ಣು ಸೇರುತ್ತದೆ, ಬಿಳಿ ಶೀಟ್ ಕಾವಿ ಬಟ್ಟೆ ಆಗುತ್ತದೆ. ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶ ಇದ್ದರೆ ಅದಕ್ಕೆ ಬೇರೆ ಫಿಲ್ಟರ್.

ದೊಡ್ಡ ಮೆಷಿನ್‌ಗೆ ಹೀಟರ್ ಇದ್ದರೆ ಸೆಸ್ಕ್‌ನಲ್ಲಿ (ನಮ್ಮ ಭಾಗದ ವಿದ್ಯುತ್ ಕಂಪನಿ) ನಿಮ್ಮ ಮಂಜೂರಾದ ಲೋಡ್ ಸಾಕಾ ಅಂತ ಮೊದಲು ನೋಡಿ. ಮರ ಬಿದ್ದು ಕರೆಂಟ್ ಹೋಗಿ ಬರುವ ಊರು ನಮ್ಮದು, ಸ್ಟೆಬಿಲೈಸರ್ ಇಲ್ಲದೆ ಸರ್ಕ್ಯೂಟ್ ಬೋರ್ಡ್ ಉಳಿಯುವುದಿಲ್ಲ.

ಸೋಪಿನ ಪುಡಿ ಕಡಿಮೆ ನೊರೆಯದ್ದೇ ಬಳಸಿ. ನೊರೆ ಜಾಸ್ತಿಯಾದರೆ ಮೆಷಿನ್ ತಾನಾಗಿಯೇ ಇನ್ನೊಂದು ಸಲ ನೀರು ತಗೊಳ್ಳುತ್ತದೆ. ಅರ್ಧ ತುಂಬಿಸಿ ಓಡಿಸಬೇಡಿ. ಒಗೆದ ನೀರನ್ನು ತೋಡಿಗೆ ಮಾತ್ರ ಬಿಡಬೇಡಿ, ಕೆಳಗಿನ ಮನೆಯವರ ಬಾವಿ, ಅದರಾಚೆ ಹೊಳೆ. ಮರಳು, ಜಲ್ಲಿ ತುಂಬಿದ ಗುಂಡಿ ದಾಟಿಸಿ ಬಾಳೆ ಬುಡಕ್ಕೆ ಬಿಟ್ಟರೆ ಸಾಕು. ಕೊನೆಯ ಜಾಲಾಟದ ನೀರನ್ನು ಬೇರೆ ಡ್ರಮ್‌ಗೆ ಹಿಡಿದರೆ ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ.

ಹಂತ 8: ಸ್ಥಳೀಯ ರಿಯಾಯಿತಿಯನ್ನು ಕೇಳಿ ಪಡೆಯುವುದು

ಗ್ರಾಮ ಸಭೆಯಲ್ಲಿ, ಮಡಿಕೇರಿ ನಗರಸಭೆಯಲ್ಲಿ, ಕುಶಾಲನಗರ, ವಿರಾಜಪೇಟೆ ಪುರಸಭೆಗಳಲ್ಲಿ ಇದನ್ನು ಕೇಳಬೇಕಾದವರು ನಾವೇ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ದೊಡ್ಡದೇನೂ ಕೇಳಬೇಕಿಲ್ಲ. ಕಿಲೋಗೆ 10 ಲೀಟರಿಗಿಂತ ಕಡಿಮೆ ನೀರಿನಲ್ಲಿ ಒಗೆಯುವ ಮೆಷಿನ್ ಹಾಕಿಸಿದ ವ್ಯವಹಾರಕ್ಕೆ ಒಂದೆರಡು ವರ್ಷ ನೀರಿನ ಶುಲ್ಕದಲ್ಲಿ ಇಂತಿಷ್ಟು ಕಡಿತ. ವ್ಯವಹಾರದ ಹೆಸರಿನ ಬಿಲ್, ಹಳೆಯ ಮೆಷಿನ್ ತೆಗೆದ ಫೋಟೋ, ನೀರಗಂಟಿಯ ಅಥವಾ ಸಿಬ್ಬಂದಿಯ ಒಂದು ಭೇಟಿ, ಇಷ್ಟೇ ಷರತ್ತು. ವರ್ಷಕ್ಕೆ ಮೊದಲು ಬಂದ ಇಪ್ಪತ್ತು ಅರ್ಜಿಗೆ ಅಂತ ಮಿತಿ ಹಾಕಿದರೆ ಪಂಚಾಯಿತಿಗೂ ಹೊರೆಯಾಗುವುದಿಲ್ಲ.

ಅರ್ಜಿಯ ಜೊತೆ ಡ್ರಮ್ ಲೆಕ್ಕದ ಹಾಳೆ ಲಗತ್ತಿಸಿ. ಹತ್ತು ಹೋಂಸ್ಟೇಗಳ ಹತ್ತು ಹಾಳೆ, ಹಳೆಯ ಮೆಷಿನ್‌ದೊಂದು ಅಂಕಿ, ಹೊಸದರದ್ದೊಂದು ಅಂಕಿ, ಅಳೆದ ತಾರೀಕು, ಸಹಿ. ಮಾರ್ಚ್‌ನಲ್ಲಿ ಅಳೆದದ್ದಾದರೆ ಇನ್ನೂ ಒಳ್ಳೆಯದು, ಆಗ ಸಭೆಯಲ್ಲಿ ಕೂತಿರುವ ಎಲ್ಲರ ಬಾವಿಯಲ್ಲೂ ನೀರು ಕೆಳಗೆ ಇಳಿದಿರುತ್ತದೆ.